ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಬಾಳ್ಳುಪೇಟೆಯಲ್ಲಿ ನಿಂತ ನಮ್ಮ ಹಳೇ 800

ಈ ಸದ್ದು ಕೇಳಿ. ಇರಿ, ಇನ್ನೊಂದು ಸಲ ಹಾಕುತ್ತೇನೆ. ಸರ್ರ್ ಅಂತ ಹಗುರವಾಗಿ ತಿರುಗುತ್ತಿದೆ, ಅಲ್ವಾ? ಮಾಮೂಲಿಯಾಗಿ ಸೆಲ್ಫ್ ಹೊಡೆದಾಗ ಬರುವ ಆ ಕುಯ್ಯ್-ಕುಯ್ಯ್-ಕುಯ್ಯ್ ಲಯ ಇಲ್ಲ. ಇದನ್ನು ನೆನಪಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಗಾಡಿ 1998ರ ಮಾರುತಿ 800. ಕಾರ್ಬುರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. ಹಾಸನದಿಂದ ಸಕಲೇಶಪುರದ ಕಡೆ ಹೊರಟಿದ್ದೆವು. ಬಾಳ್ಳುಪೇಟೆ ಇನ್ನೇನು ಬಂತು ಅನ್ನುವಾಗ ನಿಂತಿತು. ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ. ಒಂದೇ ಸಲಕ್ಕೆ ಆಫ್. ಆಯಿಲ್ ಲೈಟು, ಬ್ಯಾಟರಿ ಲೈಟು ಎರಡೂ ಕೆಂಪಗೆ ಹತ್ತಿಕೊಂಡವು. ಹಿಂದೆ ನಗು ಕೇಳುತ್ತಿದೆಯಲ್ಲ, ಅದು ನನ್ನ ತಂಗಿಯದು. ಕ್ಯಾಮೆರಾ ಅವಳ ಕೈಯಲ್ಲಿದೆ, ಹಾಗಾಗಿ ತಳ್ಳುವ ಕೆಲಸ ನನ್ನದು.

ಪೆಟ್ರೋಲ್ ಸಮಸ್ಯೆ ಇದ್ದರೆ ಗಾಡಿ ಸಾಮಾನ್ಯವಾಗಿ ಮೊದಲೇ ಹೇಳುತ್ತದೆ. ಎಳೆಯುವುದಿಲ್ಲ, ಮುಗ್ಗರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಏನೂ ಹೇಳದೆ ಕೇಳದೆ ನಿಂತರೆ ಮೊದಲು ಕರೆಂಟ್ ಕಡೆ ನೋಡಬೇಕು, ಇಲ್ಲವೇ ಟೈಮಿಂಗ್ ಬೆಲ್ಟ್ ಕಡೆ. ಇಲ್ಲಿ ಟೆಂಪರೇಚರ್ ಮುಳ್ಳು ಅರ್ಧ ದಾಟಿರಲಿಲ್ಲ. ಡಿಪ್‌ಸ್ಟಿಕ್ ನೋಡಿ, ಆಯಿಲ್ ಕಪ್ಪಗಿದೆ, ಹಾಲು ಬೆರೆತ ಬಣ್ಣ ಇಲ್ಲ. ಅಂದರೆ ಆಯಿಲ್‌ಗೆ ನೀರು ಸೇರಿಲ್ಲ, ಹೆಡ್ ಗ್ಯಾಸ್ಕೆಟ್ ಹೋಗಿರುವ ಭಯ ಅಲ್ಲಿಗೆ ಕಡಿಮೆಯಾಯಿತು. ಫ್ಯೂಸ್‌ಗಳೂ ಸರಿಯಿದ್ದವು.

ಈಗ ಬರುವವರು ಮೊದಲನೇ ಮೆಕ್ಯಾನಿಕ್. ಮುಖ ತೋರಿಸುವುದಿಲ್ಲ, ಗ್ಯಾರೇಜ್ ಹೆಸರೂ ಬೇಡ. ಬೈಕಲ್ಲಿ ಬಂದರು, ಪಾಪ, ಬೇಗನೇ ಬಂದರು. ಪ್ಲಗ್ ಬಿಚ್ಚಿ, ಎಂಜಿನ್‌ಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದರು. ಕಿಡಿ ಇಲ್ಲ. "ಕಾಯಿಲ್ ಹೋಗಿದೆ ಸಾರ್." ಕಾಯಿಲ್ ಅಂದರೆ ಪ್ಲಗ್‌ನ ಕಿಡಿಗೆ ಬೇಕಾದ ಹೈವೋಲ್ಟೇಜ್ ಕೊಡುವ ಭಾಗ. ಆಮೇಲೆ ಕಾರ್ಬುರೇಟರ್‌ಗೆ ಹೋಗುವ ಪೈಪ್ ಕಿತ್ತು ಬಾಟಲಿಗೆ ಹಿಡಿದರು. ಪೆಟ್ರೋಲ್ ಒಂದು ಹನಿಯೂ ಬರಲಿಲ್ಲ. "ಪಂಪೂ ಹೋಗಿದೆ ಸಾರ್."

ಎರಡೂ ಒಟ್ಟಿಗೆ? ಒಂದೇ ಸೆಕೆಂಡಿನಲ್ಲಿ?

ನಾನು ಅದನ್ನೇ ಕೇಳಿದೆ. "ಹಳೇ ಗಾಡಿ ಸಾರ್, ಹಂಗೇ ಆಗ್ತದೆ" ಅಂದರು. ಹೊಸ ಕಾಯಿಲ್ ತರಿಸಿದರು, 1350 ರೂಪಾಯಿ. ಮೂರು ಪ್ಲಗ್, ಹೈಟೆನ್ಷನ್ ವೈರ್ ಸೆಟ್, ಬಂದು ಹೋದ ಚಾರ್ಜು. 2900 ಆಯಿತು. ಎಲ್ಲಾ ಹಾಕಿದ ಮೇಲೂ ಕಿಡಿ ಇಲ್ಲ. ಕಾಯಿಲ್ ವಾಪಸ್ ತಗೊಳ್ಳಿ ಅಂದರೆ, ಎಲೆಕ್ಟ್ರಿಕಲ್ ಐಟಂ ಒಮ್ಮೆ ಹಾಕಿದರೆ ಅಂಗಡಿಯವರು ತಗೊಳ್ಳಲ್ಲವಂತೆ. ಈ ನಿಯಮ ಯಾರು ಮಾಡಿದ್ದೋ! ಹಾಳಾಗಿಲ್ಲದ್ದನ್ನು ಬದಲಿಸಿದ್ದು ಅವರು, ದುಡ್ಡು ಕೊಟ್ಟಿದ್ದು ನಾನು. ಗೊತ್ತಿಲ್ಲ ಅಂದಿದ್ದರೆ ಸುಮ್ನೆ ಇನ್ನೂರು ರೂಪಾಯಿ ಕೊಟ್ಟು ಕಳಿಸುತ್ತಿದ್ದೆ, ಬೇಜಾರೂ ಇರುತ್ತಿರಲಿಲ್ಲ. ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಇದೇ ಗೋಳು. ಮೊದಲೇ ಆರ್‌ಸಿ ನವೀಕರಣಕ್ಕೆ 600 ಇದ್ದದ್ದನ್ನು 2022ರ ಏಪ್ರಿಲ್‌ನಿಂದ 5000 ಮಾಡಿದರು. ಅದರ ಮೇಲೆ ಹಸಿರು ತೆರಿಗೆ, ಎಮಿಷನ್ ಟೆಸ್ಟ್, ಇನ್ಶೂರೆನ್ಸ್. ಗಾಡಿ ಮಾರಿಬಿಡೋಣ ಅಂತ ಆ ರಸ್ತೆ ಬದಿಯಲ್ಲೇ ತೀರ್ಮಾನ ಮಾಡಿದ್ದೆ... ಆಯಿತು, ಟೋಯಿಂಗ್ ಗಾಡಿ ಬಂತು.

ಇದು ಹಾಸನ. ಎರಡನೇ ಗ್ಯಾರೇಜ್. ಈ ಮೇಸ್ತ್ರಿಗೆ ಅರವತ್ತು ದಾಟಿದೆ. ಬಾನೆಟ್ ಕೂಡ ಎತ್ತಿಸಲಿಲ್ಲ. "ಒಂದ್ಸಲ ಸೆಲ್ಫ್ ಹೊಡಿಯಪ್ಪ" ಅಂದರು, ಕೇಳಿದರು, ಬೀಡಿ ಆರಿಸಿದರು. "ಡೆಲ್ಕೋ ಮುಚ್ಚಳ ತೆಗಿ."

ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಭಾಗ, ಗ್ಯಾರೇಜ್‌ನಲ್ಲಿ ಹಾಗೇ ಕರೆಯುವುದು. ಹತ್ತಿರದಿಂದ ತೋರಿಸುತ್ತೇನೆ. ಒಳಗೆ ಕಂದು ಬಣ್ಣದ ರೋಟರ್ ಇದೆ, ತುದಿಯಲ್ಲಿ ಹಿತ್ತಾಳೆ ಪಟ್ಟಿ. ಈಗ ಸೆಲ್ಫ್ ಹೊಡೆಯುತ್ತಿದ್ದೇನೆ, ರೋಟರ್ ಮೇಲೆ ಕಣ್ಣಿಡಿ. ಎಂಜಿನ್ ತಿರುಗುತ್ತಿದೆ, ಫ್ಯಾನ್ ಬೆಲ್ಟ್ ಓಡುತ್ತಿದೆ, ರೋಟರ್ ಮಾತ್ರ ಕದಲುತ್ತಿಲ್ಲ.

ಅಷ್ಟೇ. ರೋಗ ಸಿಕ್ಕಿತು. ಒಂದು ಸ್ಕ್ರೂಡ್ರೈವರ್, ಎರಡು ನಿಮಿಷ.

ಈ ಎಂಜಿನ್‌ನಲ್ಲಿ ಡೆಲ್ಕೋವನ್ನು ತಿರುಗಿಸುವುದು ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ. ಪೆಟ್ರೋಲ್ ಪಂಪನ್ನು ಒತ್ತುವುದೂ ಕ್ಯಾಮ್‌ಶಾಫ್ಟೇ. ಆ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಬೆಲ್ಟ್ ಕೈಕೊಟ್ಟರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ವಾಲ್ವ್‌ಗಳು ಇದ್ದಲ್ಲೇ ನಿಲ್ಲುತ್ತವೆ, ತೆರೆದಿದ್ದ ವಾಲ್ವ್ ತೆರೆದೇ ಇರುತ್ತದೆ. ಸಿಲಿಂಡರ್ ಒಳಗೆ ಒತ್ತಡ, ಅಂದರೆ ಕಂಪ್ರೆಷನ್, ಹಿಡಿಯುವುದಿಲ್ಲ, ಎಂಜಿನ್ ಹಗುರವಾಗಿ ತಿರುಗುತ್ತದೆ. ಅದೇ ಆ ಸರ್ರ್ ಸದ್ದು.

ಮಜಾ ಏನು ಅಂದರೆ, ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರೆ ಬೆಲ್ಟ್ ಅಲ್ಲೇ ಇದೆ! ತುಂಡಾಗಿಲ್ಲ. ಬೆರಳಲ್ಲಿ ಒತ್ತಿ ನೋಡಿದೆ, ಬಿಗಿಯಾಗೇ ಇತ್ತು. ಮೇಲಿಂದ ನೋಡಿದವರು ಬೆಲ್ಟ್ ಚೆನ್ನಾಗಿದೆ ಅಂತಲೇ ಹೇಳಬೇಕು. ಬಿಚ್ಚಿದ ಮೇಲೆ ಕೆಳಗಿನ ಭಾಗ ನೋಡಿ. ಇಷ್ಟು ಉದ್ದಕ್ಕೆ ಹಲ್ಲುಗಳೇ ಇಲ್ಲ, ಬೋಳು. ಬೆಲ್ಟನ್ನು ಎಳೆಯುವ ಕ್ರ್ಯಾಂಕ್ ಪುಲ್ಲಿ ಸುಮ್ನೆ ಒಳಗೇ ಜಾರಿಕೊಂಡು ತಿರುಗುತ್ತಿತ್ತು. ಉದುರಿದ ಹಲ್ಲಿನ ಚೂರುಗಳು ಕವರ್ ತಳದಲ್ಲಿ ಬಿದ್ದಿವೆ. ರಬ್ಬರ್ ಮುಟ್ಟಿದರೆ ಕೈಗೆ ಕಪ್ಪು ಜಿಡ್ಡು. ಕ್ಯಾಮ್‌ಶಾಫ್ಟ್‌ನ ಆಯಿಲ್ ಸೀಲ್ ಸೋರಿ, ಎಷ್ಟೋ ಕಾಲದಿಂದ ಬೆಲ್ಟ್‌ಗೆ ಎಣ್ಣೆ ಕುಡಿಸಿದೆ. ಸಾಮಾನ್ಯವಾಗಿ ಲಕ್ಷ ಕಿಲೋಮೀಟರ್‌ಗೆ ಬೆಲ್ಟ್ ಬದಲಿಸಿ ಅನ್ನುತ್ತಾರೆ. ಎಣ್ಣೆ ತಾಗಿದ ಬೆಲ್ಟ್‌ಗೂ, ವಯಸ್ಸಾದ ಬೆಲ್ಟ್‌ಗೂ ಆ ಲೆಕ್ಕ ನಡೆಯುವುದಿಲ್ಲ.

ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಗ್ಗುತ್ತದೆ, ಹೆಡ್ ಇಳಿಸಬೇಕು, ಖರ್ಚು ಸಾವಿರಗಳಲ್ಲಿ. "ಈ ಗಾಡೀಲಿ ಹಂಗಾಗಿದ್ದು ನಾನು ಕಂಡಿಲ್ಲ, ಆದ್ರೂ ನೋಡೋಣ" ಅಂದರು ಮೇಸ್ತ್ರಿ. ಹೊಸ ಬೆಲ್ಟ್ ಹಾಕಿ ಮೂರೂ ಸಿಲಿಂಡರ್‌ನ ಕಂಪ್ರೆಷನ್ ಗೇಜ್‌ನಲ್ಲಿ ನೋಡಿದರು. ಮೂರೂ ಹೆಚ್ಚುಕಮ್ಮಿ ಸಮ.

ಬೆಲ್ಟ್ ಫಿಟ್ಟಿಂಗ್‌ನ ವಿಡಿಯೋ ಓಡಿಸುತ್ತೇನೆ, ನೀವೇ ನೋಡಿಕೊಳ್ಳಿ. ಒಂದು ಮಾತ್ರ: ಪುಲ್ಲಿಗಳ ಟೈಮಿಂಗ್ ಮಾರ್ಕ್ ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮಾರ್ಕ್ ಮತ್ತೆ ಕೂಡುತ್ತದಾ ಅಂತ ನೋಡಿದರು. ನೀವು ಮಾಡಿಸುವಾಗಲೂ ಇದನ್ನು ಕೇಳಿ ಮಾಡಿಸಿ.

ಹೊಸ ಗಾಡಿಯಾಗಿದ್ದರೆ ಸ್ಕ್ಯಾನರ್ ಚುಚ್ಚಬೇಕಿತ್ತು, ಕೋಡ್ ಓದಬೇಕಿತ್ತು. ಕಾರ್ಬುರೇಟರ್ ಗಾಡಿಯೇ ವಾಸಿ. ಹಾಂ, ಸ್ಕ್ಯಾನರ್ ಇದ್ದಿದ್ದರೆ ಬಾಳ್ಳುಪೇಟೆಯಲ್ಲೇ ಏನಾದರೂ ಸುಳಿವು ಸಿಗುತ್ತಿತ್ತೇನೋ, 2900 ಉಳಿಯುತ್ತಿತ್ತು. ಮಾರುತಿಯದೇ ಆಮೇಲಿನ ಕೆ10 ಎಂಜಿನ್‌ಗೆ ಟೈಮಿಂಗ್ ಬೆಲ್ಟೇ ಇಲ್ಲ, ಚೈನ್. ಅದೂ ಒಳ್ಳೆಯದೇ. ಆದರೆ 2014ರಲ್ಲಿ ತಯಾರಿಕೆ ನಿಂತ ಗಾಡಿಗೆ ಹಾಸನದಲ್ಲಿ ಮೊದಲನೇ ಅಂಗಡಿಯಲ್ಲೇ ಬೆಲ್ಟ್ ಸಿಕ್ಕಿತಲ್ಲ! ಮಾರುವ ವಿಷಯ ಸದ್ಯಕ್ಕೆ ಬಿಡೋಣ.

ಸ್ಟಾರ್ಟ್ ಆಯಿತು, ಕೇಳಿ. ಬೆಲ್ಟ್, ಟೆನ್ಷನರ್, ಆಯಿಲ್ ಸೀಲ್, ಕೂಲಿ ಎಲ್ಲ ಸೇರಿ 2400. ಟೋಯಿಂಗ್ ಬೇರೆ. ಮೇಸ್ತ್ರಿ ಕವರ್ ಮೇಲೆ ಮಾರ್ಕರ್‌ನಲ್ಲಿ ದಿನಾಂಕ, ಕಿಲೋಮೀಟರ್ ಬರೆದುಕೊಟ್ಟರು. ಹಳೇ ಕಾಯಿಲನ್ನೂ ಪರೀಕ್ಷೆ ಮಾಡಿದರು, ಏನೂ ಆಗಿಲ್ಲ. ಅದು ಈಗ ಡಿಕ್ಕಿಯಲ್ಲಿದೆ. ಯಾರಿಗಾದರೂ 800ರ ಕಾಯಿಲ್ ಬೇಕಿದ್ದರೆ ಹೇಳಿ, ಹಳೇದಾದರೂ ಸರಿ, ಹೊಸದಾದರೂ ಸರಿ, ಒಂದು ಕೊಡುತ್ತೇನೆ. ತಂಗಿ ಬ್ಯಾಟರಿ ಮುಗಿಯಿತು ಅನ್ನುತ್ತಿದ್ದಾಳೆ. ಗಾಡಿಯದಲ್ಲ, ಕ್ಯಾಮೆರಾದ್ದು.