ಎರಡು ಗೆರೆ ಮೂಡುವ ಮೊದಲು

ಕೇಳುಗರಿಗೆ ನಮಸ್ಕಾರ.

ವಿಟಮಿನ್ ಡಿ ಮತ್ತು ಗರ್ಭದ ಮೊದಲ ತಿಂಗಳುಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನನಗೆ ಹೇಳೋಕೆ ಇರುವುದು ಒಂದೇ ಮಾತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ನೀವು ಅರ್ಧಕ್ಕೇ ಎದ್ದು ಹೋದರೂ ನನಗೆ ಬೇಜಾರಿಲ್ಲ. ಮಗು ಬೇಕು ಅಂತ ಮನಸ್ಸು ಮಾಡಿದ ತಿಂಗಳೇ ಡಾಕ್ಟರ ಹತ್ತಿರ ಹೋಗಿ, ಡಿ ಎಷ್ಟಿದೆ ಅಂತ ನೋಡಿಸಿ. ಗರ್ಭ ನಿಂತ ಮೇಲಲ್ಲ. ಮೊದಲೇ.

ಯಾಕೆ ಮೊದಲೇ? ಲೆಕ್ಕ ಹಾಕಿ ನೋಡಿ. ಮುಟ್ಟು ತಪ್ಪುತ್ತದೆ. ನಾಲ್ಕು ದಿನ ಕಾಯುತ್ತೀರಿ. ಆಮೇಲೆ ಸ್ಟ್ರಿಪ್ ತಂದು ನೋಡುತ್ತೀರಿ, ಎರಡು ಗೆರೆ ಮೂಡುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವ ನಮ್ಮ ಡಾಕ್ಟರುಗಳ ಲೆಕ್ಕದಲ್ಲಿ ಆಗಲೇ ಐದನೇ ವಾರ. ನಮ್ಮ ಹತ್ತಿರ ಬರುವ ಹೊತ್ತಿಗೆ ಏಳೆಂಟು ವಾರ. ಗರ್ಭ ಜಾರುವುದು ಹೆಚ್ಚಾಗಿ ಮೊದಲ 12 ವಾರದೊಳಗೇ. ಡಿ ಮಾತ್ರೆಯಾದರೋ ಇವತ್ತು ನುಂಗಿದರೆ ನಾಳೆ ರಕ್ತದಲ್ಲಿ ಕಾಣುವಂಥದ್ದಲ್ಲ. ದಿನಾ ತಗೊಂಡರೂ ಮಟ್ಟ ಏರಿ ನಿಲ್ಲೋಕೆ ಎರಡು ಮೂರು ತಿಂಗಳು ಬೇಕು. ಫೋಲಿಕ್ ಆಸಿಡ್ ಮೊದಲೇ ಶುರು ಮಾಡಬೇಕು ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಡಿ ಅಂದರೆ ಮಾತ್ರ, ‘ಅದು ಮೂಳೆಗಲ್ವಾ ಡಾಕ್ಟ್ರೇ?’

ಮೂಳೆಗೂ ಹೌದು. ಆದರೆ ಗರ್ಭಕೋಶದ ಒಳಪದರಕ್ಕೂ ಡಿ ಬೇಕು. ಮಗುವಿನಲ್ಲಿ ಅರ್ಧ ಅಪ್ಪನ ಪಾಲು, ಅಂದರೆ ತಾಯಿಯ ದೇಹಕ್ಕೆ ಅದು ಅರ್ಧ ಹೊರಗಿನದು. ಹೊರಗಿನದನ್ನು ಕಂಡರೆ ಓಡಿಸುವುದೇ ನಮ್ಮ ರೋಗನಿರೋಧಕ ಶಕ್ತಿಯ ಕೆಲಸ. ‘ಇದನ್ನು ಬಿಡು, ಇದು ನಮ್ಮದೇ’ ಅಂತ ಅದನ್ನು ಸಮಾಧಾನ ಮಾಡುವವರಲ್ಲಿ ಡಿ ಕೂಡ ಒಬ್ಬ.

ಈಗ ಒಬ್ಬರ ಕಥೆ ಹೇಳುತ್ತೇನೆ. ಇದನ್ನು ನಾನು ಹೋದ ಕಡೆಯೆಲ್ಲ ಹೇಳುತ್ತೇನೆ, ಮೊದಲೇ ಕೇಳಿದವರು ಕ್ಷಮಿಸಬೇಕು.

ಆಕೆಗೆ ಮೂವತ್ತರ ಆಸುಪಾಸು. ಒಂಬತ್ತನೇ ವಾರದಲ್ಲಿ ಗರ್ಭ ಹೋಗಿತ್ತು. ಕೆಲಸ ಲೆಕ್ಕಪತ್ರ ಬರೆಯುವುದು. ನನ್ನ ಮುಂದೆ ಕೂತು ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಸ್ಕೇಲ್ ಇಟ್ಟು ಗೆರೆ ಎಳೆದ ನೋಟ್‌ಬುಕ್. ಮೊದಲ ಪುಟದ ಮೇಲೆ ‘ನಾನು ಮಾಡಿದ್ದು’ ಅಂತ ತಲೆಬರಹ. ಕೆಳಗೆ ನಂಬರ್ ಹಾಕಿ ಬರೆದಿದ್ದರು. ಬಕೆಟ್ ಎತ್ತಿದ್ದು. ಮೆಟ್ಟಿಲು ಹತ್ತಿದ್ದು. ಗಂಡನ ಜೊತೆ ಜಗಳ ಆಡಿದ್ದು. ಹೀಗೆ ಒಟ್ಟು ಹದಿನಾಲ್ಕು. ‘ಇದರಲ್ಲಿ ಯಾವುದರಿಂದ ಆಯ್ತು ಮೇಡಂ?’ ಅಂತ ಕೇಳಿದರು. ಪಕ್ಕದಲ್ಲಿ ಗಂಡ ನೆಲ ನೋಡುತ್ತಾ ಕೂತಿದ್ದರು.

ನಾನು ಪೆನ್ ಇಸಕೊಂಡು ಹದಿನಾಲ್ಕನ್ನೂ ಹೊಡೆದುಹಾಕಿದೆ. ಯಾವುದೂ ಅಲ್ಲ. ಆರಂಭದಲ್ಲೇ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ದೋಷವೇ ಕಾರಣ. ಅದು ಯಾರ ಕೈಯಲ್ಲೂ ಇಲ್ಲ. ಮನೆಯ ಹಿರಿಯರು ಕೇಳುತ್ತಿದ್ದರೆ ದಯವಿಟ್ಟು ಇದನ್ನು ಎರಡು ಸಲ ಕೇಳಿ: ಬಕೆಟ್ ಎತ್ತಿದ್ದಕ್ಕೆ ಗರ್ಭ ಹೋಗಲ್ಲ.

ಆಮೇಲೆ ರಕ್ತ ಪರೀಕ್ಷೆ ಮಾಡಿಸಿದೆ. ಡಿ ಬರೀ 9 ಇತ್ತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತೀವಿ. ಆಕೆ ಒಪ್ಪಲಿಲ್ಲ. ‘ಸಾಧ್ಯಾನೇ ಇಲ್ಲ, ಲ್ಯಾಬ್‌ನವರು ಬೇರೆ ಯಾರದ್ದೋ ಕೊಟ್ಟಿದ್ದಾರೆ’ ಅಂತ ಅದೇ ನೋಟ್‌ಬುಕ್ಕಿನ ಇನ್ನೊಂದು ಪುಟ ತೆರೆದರು. ಬೆಳಿಗ್ಗೆ 7 ಗಂಟೆ 10 ನಿಮಿಷದಿಂದ 7 ಗಂಟೆ 50 ನಿಮಿಷ, ಬಿಸಿಲು. ಮರುದಿನ 7 ಗಂಟೆ 5ರಿಂದ 7 ಗಂಟೆ 45. ಒಂದು ದಿನವೂ ತಪ್ಪಿಸಿಲ್ಲ. ಮೋಡ ಇದ್ದ ದಿನ ಪಕ್ಕದಲ್ಲಿ ‘ಮೋಡ’ ಅಂತ ಬರೆದಿದ್ದರು! ನನಗೇ ಅನುಮಾನ ಬಂತು. ಇನ್ನೊಂದು ಸಲ ಪರೀಕ್ಷೆ ಮಾಡಿಸಿದೆ. ಮತ್ತೆ 9.

‘ಬಿಸಿಲಿಗೆ ಎಲ್ಲಿ ಕೂತ್ಕೋತೀರಿ?’ ಅಂದೆ.

‘ಹಾಲ್‌ನಲ್ಲಿ, ಕಿಟಕಿ ಪಕ್ಕ. ಬಿಸಿಲು ನೇರ ಕಾಲ ಮೇಲೇ ಬೀಳುತ್ತೆ.’

‘ಕಿಟಕಿ ತೆಗೆದಿರುತ್ತಾ?’

‘ಇಲ್ಲ ಮೇಡಂ, ಧೂಳು ಬರುತ್ತೆ.’

ನೋಡಿ, ಗಾಜು ಬೆಳಕು ಬಿಡುತ್ತದೆ, ಬಿಸಿ ಬಿಡುತ್ತದೆ. ಚರ್ಮದಲ್ಲಿ ಡಿ ತಯಾರು ಮಾಡುವ ಯುವಿಬಿ ಕಿರಣವನ್ನು ಮಾತ್ರ ಹೊರಗೇ ನಿಲ್ಲಿಸಿಬಿಡುತ್ತದೆ. ಆಕೆ ಹೊರಗೆ ಕೂತಿದ್ದರೂ ದೊಡ್ಡ ಲಾಭ ಇರಲಿಲ್ಲ. ಅಷ್ಟು ಬೆಳಿಗ್ಗೆ ಸೂರ್ಯ ಕೆಳಗಿರುತ್ತಾನೆ, ಆ ಕಿರಣ ನೆಲ ಮುಟ್ಟುವುದೇ ಕಡಿಮೆ. ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಅದು ಡಿ ಕೊಡುವ ಬಿಸಿಲಲ್ಲ. ಇಷ್ಟು ಶಿಸ್ತಿನ ಹೆಣ್ಣುಮಗಳು, ದಿನಾ ನಲವತ್ತು ನಿಮಿಷ, ಎಲ್ಲ ಗಾಜಿನ ಪಾಲು! ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ.

ಮುಂದೇನಾಯ್ತು, ಮಗು ಆಯ್ತಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ಆಯ್ತು ಅಂದರೆ ನಾಳೆ ಬೆಳಿಗ್ಗೆ ನೀವೆಲ್ಲ ಡಿ ಅಂದರೆ ಮಗು ಕೊಡುವ ಗುಳಿಗೆ ಅಂತ ಓಡುತ್ತೀರಿ. ಅದು ಹಾಗಲ್ಲ. ಇರುವ ಕೊರತೆಯನ್ನು ಮೊದಲೇ ತುಂಬಿಕೊಳ್ಳಿ ಅನ್ನುವುದಷ್ಟೇ ನನ್ನ ಮಾತು.

ಇದು ನನ್ನೊಬ್ಬಳ ಹಟವಲ್ಲ. 2018ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರು ಮೊದಲು ಒಂದೆರಡು ಗರ್ಭ ಕಳೆದುಕೊಂಡಿದ್ದ ಸುಮಾರು 1,200 ಹೆಂಗಸರು. ಗರ್ಭ ನಿಲ್ಲುವ ಮೊದಲೇ ಡಿ 10 ಅಂಕ ಜಾಸ್ತಿ ಇದ್ದವರಲ್ಲಿ ಗರ್ಭ ಹೋಗುವ ಅಪಾಯ ಶೇಕಡ 12ರಷ್ಟು ಕಡಿಮೆ ಕಂಡಿತು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಎಂಟನೇ ವಾರದಲ್ಲಿ ಅಳೆದ ಡಿಗೂ ಗರ್ಭ ಉಳಿಯುವುದಕ್ಕೂ ಅಂಥ ನಂಟು ಕಾಣಲೇ ಇಲ್ಲ. ಮೊದಲೇ ಅನ್ನುವ ಪದವನ್ನು ನಾನು ಯಾಕೆ ಹಿಡಿದು ಜಗ್ಗುತ್ತಿದ್ದೇನೆ ಅಂತ ಈಗ ಗೊತ್ತಾಯ್ತಲ್ವಾ? 2022ರಲ್ಲಿ ಬ್ರಿಟನ್ನಿನವರು ಹಲವು ಅಧ್ಯಯನ ಒಟ್ಟಿಗೆ ಇಟ್ಟು ನೋಡಿದರು. 20ಕ್ಕಿಂತ ಕೆಳಗಿದ್ದವರಲ್ಲಿ ಗರ್ಭ ಜಾರುವ ಸಂಭವ 30ಕ್ಕಿಂತ ಮೇಲಿದ್ದವರ ಹತ್ತಿರ ಹತ್ತಿರ ಎರಡರಷ್ಟಿತ್ತು.

ಕಥೆ ಉದ್ದ ಆಯ್ತು, ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಚರ್ಮ ಕಪ್ಪಗಿದ್ದಷ್ಟೂ ಬಿಸಿಲಿನಲ್ಲಿ ಡಿ ತಯಾರಾಗುವುದು ನಿಧಾನ. ಮೈ ತೂಕ ಜಾಸ್ತಿ ಇದ್ದರೆ ಡಿ ಕೊಬ್ಬಿನಲ್ಲಿ ಅಡಗಿ ಕೂರುತ್ತದೆ. ಮಾತ್ರೆಯನ್ನು ಊಟದ ಜೊತೆ ತಗೊಳ್ಳಿ, ಬರೀ ಹೊಟ್ಟೆಯಲ್ಲಿ ಬೇಡ. ಅಕ್ಕನಿಗೆ ಬರೆದುಕೊಟ್ಟದ್ದನ್ನು ಸುಮ್ನೆ ನೀವೂ ನುಂಗಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕಷ್ಟ.

ಪರೀಕ್ಷೆಯ ಚೀಟಿಯಲ್ಲಿ 25 ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಇದೆಯಾ ನೋಡಿಕೊಳ್ಳಿ. 1,25 ಅಂತ ಇನ್ನೊಂದು ಪರೀಕ್ಷೆ ಇದೆ, ನಮಗೆ ಬೇಕಾದ್ದು ಅದಲ್ಲ. ರಿಪೋರ್ಟ್ ಬಂದ ಮೇಲೆ ಅಂಕಿಯ ಪಕ್ಕದ ಅಳತೆಯನ್ನೂ ಓದಿ. ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ನ್ಯಾನೋಗ್ರಾಂ ಲೆಕ್ಕ. ಕೆಲವು ಲ್ಯಾಬ್‌ಗಳು ನ್ಯಾನೋಮೋಲ್‌ನಲ್ಲಿ ಕೊಡುತ್ತವೆ. ಅಲ್ಲಿ 50 ಅಂದರೆ ನಮ್ಮ 20. ಮೊನ್ನೆ ಒಬ್ಬರು 40 ಇದೆ ಅಂತ ಖುಷಿಯಾಗಿ ಫೋನ್ ಮಾಡಿದರು. ಅಳತೆ ಓದಿ ಅಂದೆ. ನ್ಯಾನೋಮೋಲ್. ಅಂದರೆ ನಮ್ಮ ಲೆಕ್ಕದಲ್ಲಿ 16. ಅವರಿಗಿನ್ನೂ ಗರ್ಭ ನಿಂತಿಲ್ಲ, ಮುಂದಿನ ವಾರ ಬರುತ್ತಿದ್ದಾರೆ.

ನಮಸ್ಕಾರ.