ಅದು ಅಂಕಪಟ್ಟಿ ಅಲ್ಲ

ಕೇಳುಗರಿಗೆ ನಮಸ್ಕಾರ.

ಡಿಗ್ರಿ ಮುಗಿದಿದೆ. ಹತ್ತು ಕಡೆ ಅರ್ಜಿ ಹಾಕಿದ್ದೀರಿ. ಒಂಬತ್ತು ಕಡೆಯಿಂದ ‘ವಿಷಾದಿಸುತ್ತೇವೆ’ ಎಂಬ ಇಮೇಲ್ ಬಂದಿದೆ. ಹತ್ತನೆಯವರು ಅದನ್ನೂ ಕಳಿಸದೆ ಸುಮ್ಮನಿದ್ದಾರೆ. ಮೊಬೈಲ್ ನೋಡಿ ನೋಡಿ ಸಾಕಾಗಿ ರೇಡಿಯೋ ಹಾಕಿಕೊಂಡು ಕೂತಿದ್ದೀರಲ್ಲ, ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಇದ್ದರೆ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ. ಅವರಿಗೂ ಒಂದು ಮಾತಿದೆ.

ಹದಿನೆಂಟು ವರ್ಷ ನಾನು ಸಂದರ್ಶನದ ಮೇಜಿನ ಆ ಕಡೆ ಕೂತವಳು. ಪ್ರಶ್ನೆ ಕೇಳುವ ಕಡೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ನಿಮಗೆ ಬಂದ ಆ ಇಮೇಲ್ ಅಂಕಪಟ್ಟಿ ಅಲ್ಲ.

ತೊಂದರೆ ಎಲ್ಲಿದೆ ಗೊತ್ತಾ? ಚಿಕ್ಕಂದಿನಿಂದ ನೀವು ಕಂಡದ್ದು ಪರೀಕ್ಷೆಯನ್ನು ಮಾತ್ರ. ಪಾಸಾಗಲು ಇಷ್ಟು ಅಂಕ ಬೇಕು ಎಂದು ಮೊದಲೇ ಗೊತ್ತು. ಓದಿದರೆ ಕ್ಲಾಸಿನವರೆಲ್ಲ ಪಾಸಾಗಬಹುದು. ಫೇಲಾದರೆ ಎಲ್ಲಿ ತಪ್ಪಾಯ್ತು ಎಂದು ಉತ್ತರಪತ್ರಿಕೆ ತೆಗೆದು ನೋಡಬಹುದು. ಕೆಲಸದ ವಿಷಯ ಹಾಗಲ್ಲ. ಒಂದು ಕುರ್ಚಿಗೆ ಇನ್ನೂರು ಅರ್ಜಿ ಬಂದರೆ ನೂರ ತೊಂಬತ್ತೊಂಬತ್ತು ಮಂದಿಗೆ ಇಲ್ಲ ಅನ್ನಲೇಬೇಕು. ಇನ್ನೂರೂ ಜನ ಜಾಣರಾಗಿದ್ದರೂ ಅಷ್ಟೇ. ನೀವು ಮಾತ್ರ ಅದನ್ನು ಫೇಲ್ ಎಂದು ಓದಿಕೊಳ್ಳುತ್ತೀರಿ.

ನಿಮಗೊಂದು ಕಥೆ ಹೇಳಬೇಕು. ಕಥೆಯಲ್ಲ, ನಡೆದದ್ದು. ನನಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

1979ನೇ ಇಸವಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಒಂದು ಮೆಡಿಕಲ್ ಕಾಲೇಜು. ಅಲ್ಲಿಗೆ ಸೇರಲು ಬಂದವರಲ್ಲಿ ಎಂಟು ನೂರು ಜನರನ್ನು ಕರೆದು ಸಂದರ್ಶನ ಮಾಡಿದರು. ಒಬ್ಬೊಬ್ಬರನ್ನೂ ತೂಗಿ ನೋಡಿ, ಒಂದರಿಂದ ಎಂಟು ನೂರರವರೆಗೆ ಪಟ್ಟಿ ಮಾಡಿದರು. ಮೇಲಿನಿಂದ ನೂರೈವತ್ತು ಸೀಟು ತುಂಬಿದರು. ಉಳಿದವರಿಗೆ ಪತ್ರ ಹೋಯಿತು. ಎಂಥ ಪತ್ರ ಎಂದು ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಆ ರಾಜ್ಯದ ಶಾಸನಸಭೆಯಿಂದ ಒಂದು ಆದೇಶ ಬಂತು. ಡಾಕ್ಟರುಗಳು ಸಾಲುತ್ತಿಲ್ಲ, ಇನ್ನೂ ಐವತ್ತು ಜನರನ್ನು ಸೇರಿಸಿಕೊಳ್ಳಿ ಅಂತ. ಕಾಲೇಜಿನವರು ಹಳೇ ಪಟ್ಟಿಯನ್ನು ಮತ್ತೆ ತೆಗೆದರು. ಅಷ್ಟು ಹೊತ್ತಿಗೆ ಮೇಲಿದ್ದವರೆಲ್ಲ ಬೇರೆ ಬೇರೆ ಕಡೆ ಸೇರಿಯಾಗಿತ್ತು. ಉಳಿದಿದ್ದವರು ಯಾರು? ಏಳು ನೂರರಿಂದ ಎಂಟು ನೂರರ ಮಧ್ಯೆ ಇದ್ದವರು. ಪಟ್ಟಿಯ ತಳ. ಅವರಲ್ಲಿ ಬಹುತೇಕರನ್ನು ಇನ್ಯಾವ ಕಾಲೇಜೂ ಸೇರಿಸಿಕೊಂಡಿರಲಿಲ್ಲ. ಬೇರೆ ದಾರಿಯಿಲ್ಲದೆ ಅವರಲ್ಲೇ ಐವತ್ತು ಜನರನ್ನು ತೆಗೆದುಕೊಂಡರು.

ಮುಂದೇನಾಯ್ತು? ಮೊದಲು ಆಯ್ಕೆಯಾದವರನ್ನೂ ಈ ಐವತ್ತು ಜನರನ್ನೂ ಹೋಲಿಸಿ ನೋಡಿದರು. ಓದಿನಲ್ಲಿ ನೋಡಿದರು. ರೋಗಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನೋಡಿದರು. ಅರ್ಧಕ್ಕೆ ಬಿಟ್ಟುಹೋದವರು ಎಷ್ಟು ಎಂದು ಎಣಿಸಿದರು. ವ್ಯತ್ಯಾಸವೇ ಇರಲಿಲ್ಲ! ಡಿಗ್ರಿ ಮುಗಿಸಿ ಆಸ್ಪತ್ರೆಯಲ್ಲಿ ಕಳೆದ ಮೊದಲ ವರ್ಷದಲ್ಲೂ ಇರಲಿಲ್ಲ. 1987ರಲ್ಲಿ ಇದು ಅಮೆರಿಕದ ವೈದ್ಯರ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಐವತ್ತು ಜನ ಆದೇಶ ಬರುವ ಮುಂಚಿನ ವಾರ ಏನು ಅಂದುಕೊಂಡು ಮಲಗಿದ್ದರು ಎಂದು ಸ್ವಲ್ಪ ಯೋಚನೆ ಮಾಡಿ. ‘ನನಗೆ ಯೋಗ್ಯತೆ ಇಲ್ಲ’ ಅಂತ ತಾನೇ? ಯೋಗ್ಯತೆ ಇತ್ತು. ಸಂದರ್ಶನಕ್ಕೆ ಅದು ಕಾಣಲಿಲ್ಲ.

ಇದನ್ನು ಓದಿದ ಖುಷಿಯಲ್ಲಿ ನನ್ನ ಜೊತೆ ಸಂದರ್ಶನಕ್ಕೆ ಕೂರುತ್ತಿದ್ದವರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. ‘ನಮ್ಮಲ್ಲಿ ಹಾಗೆಲ್ಲ ಆಗಲ್ಲ ಬಿಡಿ ಮೇಡಂ’ ಅಂದರು. ಹಾಗೆಂದವರೇ ಒಮ್ಮೆ ಮೂವರು ಒಳ್ಳೆಯ ಹುಡುಗರನ್ನು ಕೊನೆಯ ಸುತ್ತಿನವರೆಗೆ ಕರೆಸಿದ್ದರು. ಅದರ ಮಾರನೇ ದಿನ ಆ ಹುದ್ದೆಯೇ ರದ್ದಾಯಿತು. ದುಡ್ಡಿಲ್ಲ ಅಂತ ಮೇಲಿನಿಂದ ಹೇಳಿ ಕಳಿಸಿದ್ದರು. ಮೂವರಿಗೂ ಹೋದದ್ದು ಅದೇ ಮಾಮೂಲಿ ಪತ್ರ. ‘ನಿಮಗಿಂತ ಸೂಕ್ತ ಅಭ್ಯರ್ಥಿ ಸಿಕ್ಕಿದ್ದಾರೆ.’ ಯಾರೂ ಸಿಕ್ಕಿರಲಿಲ್ಲ! ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಈಗಲೂ ನಾಚಿಕೆಯಾಗುತ್ತದೆ. ಅದಕ್ಕೇ ಹೇಳುವುದು, ಅದು ಅಂಕಪಟ್ಟಿ ಅಲ್ಲ.

ಗಾಜಿನ ಆ ಕಡೆಯಿಂದ ಕೈ ತೋರಿಸುತ್ತಿದ್ದಾರೆ. ಟೈಮ್ ಆಗ್ತಾ ಬಂತು. ಈ ಕಥೆ ಹಿಡಿದರೆ ನನಗೆ ಹೀಗೇ ಆಗುವುದು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಾಗಾದರೆ ನಾವು ತಿದ್ದಿಕೊಳ್ಳಬೇಕಾದದ್ದು ಏನೂ ಇಲ್ಲವಾ ಎಂದು ಕೇಳಬಹುದು. ಇದೆ. ಗಾಡಿ ಎಲ್ಲಿ ನಿಲ್ಲುತ್ತಿದೆ ನೋಡಿ. ಸಂದರ್ಶನಕ್ಕೇ ಕರೆ ಬರುತ್ತಿಲ್ಲವಾದರೆ ರೆಸ್ಯೂಮೆ ಬದಲಿಸಿ, ಅಥವಾ ಅರ್ಜಿ ಹಾಕುವ ಜಾಗ ಬದಲಿಸಿ. ಒಂದೇ ರೆಸ್ಯೂಮೆಯನ್ನು ನೂರು ಕಡೆ ಕಳಿಸಬೇಡಿ ದಯವಿಟ್ಟು, ಓದುವವರಿಗೆ ಗೊತ್ತಾಗುತ್ತದೆ. ಕರೆ ಬಂದು ಅಲ್ಲಿ ನಿಲ್ಲುತ್ತಿದ್ದರೆ ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಅಭ್ಯಾಸ ಮಾಡಿ. ಮನಸ್ಸಿನಲ್ಲೇ ಮಾಡಿದರೆ ಲೆಕ್ಕಕ್ಕಿಲ್ಲ.

ಇನ್ನೊಂದು, ಬರೆಯಿರಿ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಕೆಲಸ ಕಳೆದುಕೊಂಡಿದ್ದ ಎಂಜಿನಿಯರುಗಳು ದಿನಕ್ಕೆ ಇಪ್ಪತ್ತು ನಿಮಿಷ, ಐದು ದಿನ, ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದರು. ಬರೆಯದವರಿಗಿಂತ ಅವರಿಗೆ ಬೇಗ ಕೆಲಸ ಸಿಕ್ಕಿತು. ಹೆಚ್ಚು ಅರ್ಜಿ ಹಾಕಿದ್ದರಿಂದಲ್ಲ. ಬಹುಶಃ ಸಿಟ್ಟು ಕಾಗದದ ಮೇಲೇ ಉಳಿದಿತ್ತು, ಸಂದರ್ಶನಕ್ಕೆ ಜೊತೆಯಲ್ಲಿ ಬರಲಿಲ್ಲ.

ಮತ್ತೆ, ಕೆಲಸ ಹುಡುಕುತ್ತಿದ್ದೇನೆ ಅಂತ ನಾಲ್ಕು ಜನಕ್ಕೆ ಹೇಳಿ. ಆಪ್ತರಿಗಷ್ಟೇ ಅಲ್ಲ. ಅಪರೂಪಕ್ಕೆ ಸಿಗುವ ಸೀನಿಯರ್‌ಗೆ, ಅಣ್ಣನ ಹಳೇ ಸಹೋದ್ಯೋಗಿಗೆ ಹೇಳಿ. ಕೆಲಸದ ಸುದ್ದಿ ಹತ್ತಿರದವರಿಗಿಂತ ಇಂಥ ಮುಖಪರಿಚಯದವರಿಂದಲೇ ಜಾಸ್ತಿ ಬರುತ್ತದೆ. 1973ರಲ್ಲೇ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಬರೆದಿಟ್ಟಿದ್ದಾರೆ. ಹತ್ತಿರದವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಅಲ್ವಾ?

ಇನ್ನು ಅಪ್ಪ ಅಮ್ಮಂದಿರಿಗೆ. ದಿನಾ ಸಂಜೆ ‘ಏನಾಯ್ತು?’ ಎಂದು ಕೇಳಬೇಡಿ. ಏನಾದರೂ ಆದರೆ ಮಕ್ಕಳು ನಿಮಗೇ ಮೊದಲು ಹೇಳುತ್ತಾರೆ. ಪಕ್ಕದ ಮನೆಯವರ ಮಗನ ಸಂಬಳದ ಸುದ್ದಿಯೂ ಬೇಡ.

ಹಾಂ, ಆ ಹತ್ತನೆಯವರು. ಎರಡು ವಾರ ದಾಟಿದೆಯಾ? ಹಾಗಾದರೆ ನೀವೇ ಒಂದು ಇಮೇಲ್ ಹಾಕಿ. ಮೂರೇ ಸಾಲು ಸಾಕು: ಯಾವ ದಿನ ಬಂದಿದ್ದೆ, ಯಾವ ಕೆಲಸಕ್ಕೆ, ವಿಷಯ ಎಲ್ಲಿಗೆ ಬಂತು. ಆ ಕಡೆ ಕೂತವಳಾಗಿ ಹೇಳುತ್ತೇನೆ, ಎಷ್ಟೋ ಸಲ ನಾವು ಮರೆತೇ ಬಿಟ್ಟಿರುತ್ತೇವೆ.

ನಮಸ್ಕಾರ.