ಹೆಸರಿನ ಕೊನೆಯ ಚುಕ್ಕೆ

ಎಲ್ಲರಿಗೂ ನಮಸ್ಕಾರ.

ಒಂದು ಸಹಕಾರ ಸಂಘದಲ್ಲಿ ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಅಲ್ಲಿನ ಗುಮಾಸ್ತರು ಪ್ರತಿ ಮಾರ್ಚ್ ಕೊನೆಗೆ ಸದಸ್ಯರ ಲೆಕ್ಕದ ಡೇಟಾಬೇಸನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿಡುತ್ತಿದ್ದರು. ಒಂದು ವರ್ಷ ‘ಸದಸ್ಯರು 31.03.2023’ ಅಂತ ಟೈಪ್ ಮಾಡಿದರು. ಮರುವರ್ಷ ‘ಸದಸ್ಯರು 31.03.2024’. ತಾರೀಖನ್ನು ನಾವು ಹೀಗೆ ಚುಕ್ಕೆ ಇಟ್ಟೇ ಬರೆಯುತ್ತೇವೆ, ಅಲ್ವಾ? ಆಡಿಟ್ ಹೊತ್ತಿಗೆ ಹಿಂದಿನ ವರ್ಷದ ಫೈಲ್ ಬೇಕಾಯಿತು. ಫೋಲ್ಡರ್‌ನಲ್ಲಿ ಇದ್ದದ್ದು ಒಂದೇ ಫೈಲ್. ಅದರ ಹೆಸರು ‘ಸದಸ್ಯರು 31.03.ಡಿಬಿ’. ಒಳಗೆ ಇದ್ದದ್ದು 2024ರ ಲೆಕ್ಕ ಮಾತ್ರ. ಹಳೆಯದನ್ನು ಕಾಗದದ ರಿಜಿಸ್ಟರ್ ನೋಡಿಕೊಂಡು ಮತ್ತೆ ಟೈಪ್ ಮಾಡಬೇಕಾಯಿತು.

ಗುಮಾಸ್ತರದ್ದು ಏನೂ ತಪ್ಪಿರಲಿಲ್ಲ. ಪ್ರೋಗ್ರಾಂ ಕೊನೆಯ ಚುಕ್ಕೆಯನ್ನು ಹುಡುಕಿತು. ಅದರ ಮುಂದಿದ್ದ 2023 ಅನ್ನುವುದನ್ನೇ ಎಕ್ಸ್‌ಟೆನ್ಷನ್, ಅಂದರೆ ಫೈಲ್ ಯಾವ ಬಗೆಯದು ಅಂತ ಹೇಳುವ ಹೆಸರಿನ ಬಾಲ, ಅಂದುಕೊಂಡಿತು. ಅದನ್ನು ತೆಗೆದು ತನ್ನ ಡೇಟಾಬೇಸ್ ಫೈಲ್‌ಗಳ ಬಾಲವಾದ ಡಿಬಿ ಹಾಕಿತು. ಮರುವರ್ಷ 2024ಕ್ಕೂ ಅದೇ ಗತಿ. ಎರಡು ಹೆಸರೂ ಒಂದೇ ಆಗಿಹೋದವು.

‘ಈ ಹೆಸರಿನ ಫೈಲ್ ಈಗಾಗಲೇ ಇದೆ, ಅದರ ಮೇಲೆ ಬರೆಯಲೇ?’ ಅಂತ ಯಾಕೆ ಕೇಳಲಿಲ್ಲ? ಆ ಪ್ರಶ್ನೆ ಕೇಳುವುದು ಸೇವ್ ಕಿಟಕಿ. ಅದು ನೋಡಿದ್ದು ಗುಮಾಸ್ತರು ಟೈಪ್ ಮಾಡಿದ ಹೆಸರನ್ನು. ‘31.03.2024’ ಅಂತ ಯಾವ ಫೈಲೂ ಇರಲಿಲ್ಲ, ಹಾಗಾಗಿ ಸುಮ್ನೆ ಬಿಟ್ಟಿತು. ಹೆಸರು ಬದಲಾದದ್ದು ಕಿಟಕಿ ಮುಚ್ಚಿದ ಮೇಲೆ. ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಈ ಅಭ್ಯಾಸ ಹಳೆಯ ಕಾಲದ್ದು. ವಿಂಡೋಸ್‌ಗೂ ಮುಂಚಿನ ಡಾಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲ್ ಹೆಸರಿಗೆ 8 ಅಕ್ಷರ, ಎಕ್ಸ್‌ಟೆನ್ಷನ್‌ಗೆ 3 ಅಕ್ಷರ. ಎರಡಕ್ಕೂ ಡಿಸ್ಕಿನಲ್ಲಿ ಬೇರೆ ಬೇರೆ ಜಾಗ. ಚುಕ್ಕೆಯನ್ನು ಡಿಸ್ಕಿನಲ್ಲಿ ಬರೆದಿಡುತ್ತಲೇ ಇರಲಿಲ್ಲ, ತೆರೆಯ ಮೇಲೆ ಮಾತ್ರ ತೋರಿಸುತ್ತಿದ್ದರು. ಡಿಬೇಸ್ ಅನ್ನುವ ಹಳೆಯ ಡೇಟಾಬೇಸ್ ಪ್ರೋಗ್ರಾಂನ ಡಿಬಿಎಫ್ ಎಕ್ಸ್‌ಟೆನ್ಷನ್ ಆ ಕಾಲದ್ದು. 1995ರಲ್ಲಿ ವಿಂಡೋಸ್ 95 ಬಂತು, ಉದ್ದ ಹೆಸರು ಬಂತು, ಎಷ್ಟು ಚುಕ್ಕೆ ಬೇಕಾದರೂ ಇಡಬಹುದಾಯಿತು. ಆದರೆ ‘ಕೊನೆಯ ಚುಕ್ಕೆಯ ಮುಂದಿನದು ಎಕ್ಸ್‌ಟೆನ್ಷನ್’ ಅನ್ನುವ ನಿಯಮ ಹಾಗೇ ಉಳಿಯಿತು. ಇವತ್ತಿಗೂ ಪ್ರೋಗ್ರಾಂ ಬರೆಯುವವರು ಎಕ್ಸ್‌ಟೆನ್ಷನ್ ಬದಲಿಸಲು ಬಳಸುವ ಡಾಟ್‌ನೆಟ್‌ನ ಚೇಂಜ್‌ಎಕ್ಸ್‌ಟೆನ್ಷನ್, ಪೈಥಾನ್‌ನ ವಿತ್‌ಸಫಿಕ್ಸ್ ಎರಡೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಅವು ಕೆಟ್ಟವಲ್ಲ. ಬಳಕೆದಾರರು ಕೈಯಾರೆ ಟೈಪ್ ಮಾಡಿದ ಹೆಸರಿನ ಮೇಲೆ ಅವನ್ನು ಬಳಸಬಾರದು, ಅಷ್ಟೇ.

ಹಾಗಾದರೆ ಪ್ರೋಗ್ರಾಂ ಬರೆಯುವವರು ಏನು ಮಾಡಬೇಕು? ಹೆಸರು ಡಿಬಿಯಲ್ಲಿ ಮುಗಿಯದಿದ್ದರೆ ಕೊನೆಗೆ ಅದನ್ನು ಸೇರಿಸಿ. ಇದ್ದ ಒಂದಕ್ಷರವನ್ನೂ ತೆಗೆಯಬೇಡಿ. ‘ಸದಸ್ಯರು 31.03.2024.ಡಿಬಿ’ ಆಗಲಿ, ಚೆನ್ನಾಗಿಯೇ ಇದೆ. ಹೀಗೆ ಸೇರಿಸಿದ ಮೇಲೆ ಆ ಹೆಸರಿನ ಫೈಲ್ ಇದೆಯೇ ಅಂತ ನೋಡಿ. ಇದ್ದರೆ, ಪೂರ್ತಿ ಹೆಸರು ತೋರಿಸಿ ಕೇಳಿ.

ಫೈಲ್ ತೆರೆಯುವಾಗಲೂ ಒಂದು ತೊಂದರೆ ಇದೆ. ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿ ಇಡುವ ಎಸ್‌ಕ್ಯೂಲೈಟ್ ಅನ್ನುವ ತಂತ್ರಾಂಶಕ್ಕೆ ಎಕ್ಸ್‌ಟೆನ್ಷನ್ ಬೇಕೇ ಬೇಕು ಅಂತೇನಿಲ್ಲ. ಯಾವ ಹೆಸರು ಕೊಟ್ಟರೂ ತೆರೆಯುತ್ತದೆ. ಆ ಹೆಸರಿನ ಫೈಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿಯದೊಂದನ್ನು ಸೃಷ್ಟಿಸಿಬಿಡುತ್ತದೆ. ಡಿಬಿ ಬಿಟ್ಟು ಬರೀ ‘ಸದಸ್ಯರು’ ಅಂತ ಕೊಟ್ಟರೆ ‘ಅಂಥ ಟೇಬಲ್ ಇಲ್ಲ’ ಅನ್ನುವ ಉತ್ತರ ಬರುತ್ತದೆ. ನೋಡಿದವರಿಗೆ ಎಲ್ಲ ಲೆಕ್ಕವೂ ಅಳಿಸಿಹೋಯಿತೇನೋ ಅಂತ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಇರುವ ಫೈಲನ್ನು ತೆರೆಯುವಾಗ ‘ಹೊಸದು ಸೃಷ್ಟಿಸು’ ಅನ್ನುವ ಅನುಮತಿಯನ್ನೇ ಕೊಡಬೇಡಿ.

ಇದು ಯಾವ ಬಗೆಯ ಫೈಲ್ ಅಂತ ತಿಳಿಯಲು ಹೆಸರನ್ನು ನಂಬಬೇಕಿಲ್ಲ. ಎಸ್‌ಕ್ಯೂಲೈಟ್ ಫೈಲಿನ ಮೊದಲ 16 ಬೈಟ್ ಓದಿ. ‘ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3’ ಅನ್ನುವ ಗುರುತು, ಕೊನೆಗೊಂದು ಸೊನ್ನೆ ಬೈಟ್ ಅಲ್ಲಿರುತ್ತದೆ. ಹೆಸರನ್ನು ಏನೇ ಬದಲಿಸಿದರೂ ಆ ಗುರುತು ಬದಲಾಗುವುದಿಲ್ಲ.

ಕಾಪಿ ಮಾಡುವವರಿಗೆ ಇನ್ನೊಂದು ಮಾತು. ಎಸ್‌ಕ್ಯೂಲೈಟ್ ಡೇಟಾಬೇಸ್ ವಾಲ್ ಅನ್ನುವ ಬಗೆಯಲ್ಲಿ, ಅಂದರೆ ಹೊಸ ಬರಹವನ್ನು ಮೊದಲು ಬೇರೆ ಫೈಲಿನಲ್ಲಿ ಬರೆದಿಡುವಂತೆ, ನಡೆಯುತ್ತಿದ್ದರೆ, ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ ಗೀಟು ಹಾಕಿ ‘ವಾಲ್’ ಅಂತಿರುವ ಫೈಲ್ ಕಾಣುತ್ತದೆ. ಕಸ ಅಂತ ಅಳಿಸಬೇಡಿ. ಈಚೆಗೆ ಬರೆದ ಲೆಕ್ಕ ಇನ್ನೂ ಅದರಲ್ಲೇ ಇರಬಹುದು. ಡಿಬಿಯನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಬೆಳಗ್ಗೆ ಬರೆದ ರಸೀದಿಗಳು ಅದರಲ್ಲಿ ಇಲ್ಲದೇ ಹೋಗಬಹುದು. ಮೊದಲು ಪ್ರೋಗ್ರಾಂ ಸರಿಯಾಗಿ ಮುಚ್ಚಿ, ಆಮೇಲೆ ಕಾಪಿ ಮಾಡಿ. ಮುಚ್ಚಲು ಆಗದಿದ್ದರೆ ಎಸ್‌ಕ್ಯೂಲೈಟ್‌ನದ್ದೇ ಬ್ಯಾಕಪ್ ಆಜ್ಞೆ ಇದೆ, ಅದನ್ನು ಬಳಸಿ.